ನಾಯಿ ಆಪರೇಷನ್‌ಗೆ ಎಷ್ಟು, ಕೋರ್ಟಿಗೆ ಎಷ್ಟು? ಪ್ರಾಣಿ ದಯಾ ಸಂಘದ ದುಡ್ಡಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕಿನಿಂದ ನಿವೃತ್ತಿಯಾದ ಮೇಲೆ ಶಿವಮೊಗ್ಗದ ಒಂದು ಪುಟ್ಟ ಪ್ರಾಣಿ ದಯಾ ಗುಂಪಿನ ಲೆಕ್ಕ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ನಾಯಿ ಹಿಡಿಯಲು ನನಗೆ ಬರುವುದಿಲ್ಲ. ರಕ್ತ ನೋಡಿದರೆ ತಲೆ ಸುತ್ತುತ್ತದೆ. ಹಾಗಾಗಿ ರಸೀದಿ ಪುಸ್ತಕ ನನ್ನ ಪಾಲಿಗೆ ಬಂತು. ಮದುವೆ ಮನೆ ಪಂಕ್ತಿಯಲ್ಲಿ, ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

ದೇಣಿಗೆ ಕೊಟ್ಟರೆ ಆ ದುಡ್ಡು ನಿಜವಾಗಿ ಎಲ್ಲಿಗೆ ಹೋಗುತ್ತದೆ?

ನಮ್ಮಲ್ಲಿ ದೊಡ್ಡ ಪಾಲು ಸಂತಾನಹರಣ ಚಿಕಿತ್ಸೆಗೆ, ಅಂದರೆ ಎಲ್ಲರೂ ‘ಆಪರೇಷನ್’ ಅನ್ನುವ ಕೆಲಸಕ್ಕೆ. ಅದರ ಜೊತೆಗೇ ರೇಬೀಸ್ ಲಸಿಕೆ. ಆಮೇಲೆ ಗಾಡಿಗೆ ಸಿಕ್ಕಿ ಮುರಿದ ಕಾಲು, ಹುಳ ಬಿದ್ದ ಗಾಯ, ಕಜ್ಜಿ. ಇಷ್ಟೆಲ್ಲ ಆಗಿ ಉಳಿದರೆ ಕೇಸು. ಜನ ಅಂದುಕೊಳ್ಳುವುದು ಇದರ ತಿರುಗುಮುರುಗು. ಕೇಸು ಪೇಪರಿನಲ್ಲಿ ಬರುತ್ತದೆ, ಆಪರೇಷನ್ ಬರುವುದಿಲ್ಲ, ಅದಕ್ಕೆ.

ಒಂದು ನಾಯಿಗೆ ಅಷ್ಟೊಂದು ಖರ್ಚು ಯಾಕೆ? ಕೊಯ್ದು ಹೊಲಿಯುವುದು ಅರ್ಧ ಗಂಟೆ ಕೆಲಸ ಅಲ್ವಾ?

ಹೊಲಿಗೆ ಅರ್ಧ ಗಂಟೆಯದೇ. ಅದರ ಹಿಂದೆ ಮುಂದೆ ಒಂದು ವಾರದ ಕೆಲಸ ಇದೆ. ಬೆಳಕು ಹರಿಯುವ ಮೊದಲೇ ಬಲೆ ಹಿಡಿದು ಹೊರಡಬೇಕು. ಹಿಡಿಯುವವರಿಗೆ ಕೂಲಿ, ಗಾಡಿಗೆ ಡೀಸೆಲ್, ಪಂಜರ. ಹಿಡಿದ ನಾಯಿಯನ್ನು ಒಂದು ರಾತ್ರಿ ಉಪವಾಸ ಇಡಬೇಕು. ಅರಿವಳಿಕೆ, ಹೊಲಿಗೆ ದಾರ, ಆಂಟಿಬಯಾಟಿಕ್, ನೋವಿನ ಇಂಜೆಕ್ಷನ್, ಲಸಿಕೆ. ಮುಂದೆ ಗುರುತು ಸಿಗಲಿ ಅಂತ ಕಿವಿಯ ಅಂಚಿನಲ್ಲಿ ಸಣ್ಣ ಕಚ್ಚು. ಆಮೇಲೆ ನಾಲ್ಕೈದು ದಿನ ಇಟ್ಟುಕೊಂಡು ಅನ್ನ ಹಾಕಿ, ಪಂಜರ ತೊಳೆದು, ಗಾಯ ನೋಡಿ, ಕೊನೆಗೆ ಹಿಡಿದ ಬೀದಿಗೇ ವಾಪಸ್ ಬಿಡಬೇಕು.

ಕೇಂದ್ರದ ಹಳೆಯ ಯೋಜನೆಯಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಒಂದು ನಾಯಿಗೆ 445 ರೂಪಾಯಿ ಕೊಡುತ್ತಿತ್ತು. ಅದರಲ್ಲಿ 370 ಔಷಧ, ಊಟ, ಆರೈಕೆಗೆ. 75 ಹಿಡಿದು ತಂದು ವಾಪಸ್ ಬಿಡುವುದಕ್ಕೆ. 75 ರೂಪಾಯಿಗೆ ಗಾಜನೂರಿನಿಂದ ಊರೊಳಗೆ ಒಂದು ಆಟೊ ಬರುತ್ತದೆಯೇ, ನೀವೇ ಹೇಳಿ. 2025ರಲ್ಲಿ ಪರಿಷ್ಕರಿಸಿದ ಯೋಜನೆಯಲ್ಲಿ ಕೇಂದ್ರದ ನೆರವು ನಾಯಿಗೆ 800, ಬೆಕ್ಕಿಗೆ 600. ಅದಕ್ಕಿಂತ ಮೇಲೆ ಬೀಳುವ ಖರ್ಚನ್ನು ನಗರಪಾಲಿಕೆ, ಪುರಸಭೆ, ಇಲ್ಲವೇ ಸಂಘ ಹೊರಬೇಕು.

ತೀರಾ ಕಡಿಮೆ ರೇಟಿಗೆ ಮಾಡಿಕೊಡುತ್ತೇವೆ ಅನ್ನುವವರನ್ನು ಕಂಡರೆ ನನಗೆ ಈಗ ಭಯ. ಔಷಧದ ಬೆಲೆ ಎಲ್ಲರಿಗೂ ಒಂದೇ. ಹಾಗಾದರೆ ಉಳಿತಾಯ ಎಲ್ಲಿ ಆಗುತ್ತದೆ? ಆ ನಾಲ್ಕೈದು ದಿನದ ಆರೈಕೆಯಲ್ಲಿ. ಒಮ್ಮೆ ನಾವೂ ಅಗ್ಗಕ್ಕೆ ಆಸೆಪಟ್ಟೆವು. ಮರುದಿನವೇ ನಾಯಿಗಳನ್ನು ಬಿಟ್ಟರು. ಮೂರನೇ ದಿನ ಒಂದು ಹೆಣ್ಣು ನಾಯಿ ಹೊಲಿಗೆ ಬಿಚ್ಚಿಕೊಂಡು ಮೀನು ಮಾರ್ಕೆಟ್ ಹತ್ತಿರ ಬಿದ್ದಿತ್ತು. ಅದನ್ನು ಉಳಿಸಲು ಆದ ಖರ್ಚಿನಲ್ಲಿ ಇನ್ನೂ ಕೆಲವು ನಾಯಿಗಳ ಆಪರೇಷನ್ ಮುಗಿಯುತ್ತಿತ್ತು.

ನೀವೇ ಬಲೆ ಹಿಡಿದು ಹೊರಟು ಬೀದಿನಾಯಿಗಳಿಗೆಲ್ಲ ಮಾಡಿಸಬಹುದಲ್ಲ?

ಆಗುವುದಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಬೀದಿನಾಯಿಗಳ ಹೊಣೆ ಸ್ಥಳೀಯ ಸಂಸ್ಥೆಯದ್ದು. ಕೆಲಸ ಮಾಡುವ ಸಂಸ್ಥೆಗೆ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು. ಆರು ತಿಂಗಳ ಒಳಗಿನ ಮರಿಗಳನ್ನು, ಹಾಲೂಡುವ ತಾಯಿಯನ್ನು ಹಿಡಿಯುವ ಹಾಗಿಲ್ಲ. ನಮ್ಮಂಥ ಚಿಕ್ಕ ಗುಂಪು ಅಲ್ಲಿ ಮಾಡುವುದು ಸಹಾಯ ಮಾತ್ರ. ಯಾವ ಓಣಿಯಲ್ಲಿ ಎಷ್ಟು ಹೆಣ್ಣಿವೆ ಎಂದು ಪಟ್ಟಿ ಮಾಡಿ ಕೊಡುತ್ತೇವೆ, ಅನ್ನ ಹಾಕುವವರನ್ನು ಕರೆತರುತ್ತೇವೆ.

ಈಗ ನಮ್ಮ ಸ್ವಂತ ದುಡ್ಡು ಹೋಗುವುದು ಸಾಕಿದ ನಾಯಿಗಳಿಗೆ. ಇದನ್ನು ಕೇಳಿ ತುಂಬ ಜನ ಹುಬ್ಬೇರಿಸುತ್ತಾರೆ. ‘ಸಾಕಿದವರೇ ಮಾಡಿಸಲಿ, ದೇಣಿಗೆ ದುಡ್ಡು ಯಾಕೆ?’ ಅನ್ನುತ್ತಾರೆ. ಮಲೆನಾಡಿನ ಮನೆಗಳನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ತೋಟದ ನಡುವೆ ಒಂಟಿ ಮನೆ. ಮಂಗ ಓಡಿಸಲು, ಹಂದಿ ಬಂದರೆ ಬೊಗಳಲು ಎರಡು ನಾಯಿ ಬೇಕೇ ಬೇಕು. ಕಟ್ಟಿ ಹಾಕಿದರೆ ಚಿರತೆಗೆ ಬುತ್ತಿ, ಆದ್ದರಿಂದ ಬಿಟ್ಟೇ ಇರುತ್ತಾರೆ. ಹೆಣ್ಣು ನಾಯಿ ಮರಿ ಹಾಕಿದರೆ ಗಂಡು ಮರಿಗೆ ಬೇಡಿಕೆ ಇದೆ, ನೆಂಟರು ಕೇಳಿ ಒಯ್ಯುತ್ತಾರೆ. ಹೆಣ್ಣು ಮರಿಗಳು ಗೋಣಿಚೀಲದಲ್ಲಿ ಸಂತೆ ಮೈದಾನಕ್ಕೆ, ಇಲ್ಲವೇ ಸಾಗರ ರಸ್ತೆಯ ಯಾವುದೋ ಡಾಬಾ ಹಿಂದೆ. ಬದುಕಿ ಉಳಿದ ಮರಿ ವರ್ಷ ತುಂಬುವ ಹೊತ್ತಿಗೆ ತಾನೇ ತಾಯಿ. ಬೀದಿಯಲ್ಲಿ ಕಾಣುವ ಎಷ್ಟೋ ನಾಯಿಗಳ ಅಜ್ಜಿ ಯಾವುದೋ ತೋಟದ ಮನೆಯ ನಾಯಿಯೇ. ಅಲ್ಲಿ ಒಂದು ಹೆಣ್ಣಿಗೆ ಮಾಡಿಸಿದರೆ ಇಲ್ಲಿ ಎಷ್ಟೋ ಹಿಡಿಯುವ ಕೆಲಸ ಉಳಿಯುತ್ತದೆ.

ಗಂಡು ನಾಯಿಗೆ ಮಾಡಿಸಿದರೆ ಅಗ್ಗ ಅಲ್ವಾ?

ಅಗ್ಗವೇ. ಹೊಟ್ಟೆ ಕೊಯ್ಯಬೇಕಿಲ್ಲ, ಬೇಗ ಮುಗಿಯುತ್ತದೆ, ಬೇಗ ಮಾಯುತ್ತದೆ. ಆದರೆ ಹತ್ತು ಗಂಡುಗಳಲ್ಲಿ ಒಂಬತ್ತಕ್ಕೆ ಮಾಡಿಸಿದರೂ ಉಳಿದ ಒಂದೇ ಗಂಡು ಸಾಕು, ಓಣಿಯ ಹೆಣ್ಣುಗಳೆಲ್ಲ ಮರಿ ಹಾಕಲು. ಗಂಡಿನ ಸಂಖ್ಯೆ ತೋರಿಸಿ ‘ಇಷ್ಟು ಮಾಡಿದೆವು’ ಅನ್ನುವ ಲೆಕ್ಕವನ್ನು ನಾನು ಅರ್ಧಕ್ಕೆ ಇಳಿಸಿ ಓದುತ್ತೇನೆ. ಗಂಡಿಗೂ ಮಾಡಿಸಬೇಕು, ಜಗಳ ಮತ್ತು ಅಲೆದಾಟ ಕಡಿಮೆಯಾಗುತ್ತದೆ. ದುಡ್ಡು ಕಮ್ಮಿ ಇದ್ದಾಗ ಮೊದಲ ಸರದಿ ಮಾತ್ರ ಹೆಣ್ಣಿನದು.

ಮಳೆಗಾಲದಲ್ಲಿ ಯಾಕೆ ಕೆಲಸ ನಿಲ್ಲಿಸುತ್ತೀರಿ?

ಆರಿದ್ರಾ ಮಳೆ ಹಿಡಿದ ಮೇಲೆ ತಂತಿಗೆ ಹಾಕಿದ ಬಟ್ಟೆ ಎಂಟು ದಿನ ಒಣಗುವುದಿಲ್ಲ, ಇನ್ನು ನಾಯಿಯ ಹೊಲಿಗೆ ಒಣಗುತ್ತದೆಯೇ? ಪಂಜರ ಥಂಡಿ, ನೆಲ ಥಂಡಿ. ಬಿಟ್ಟ ಮೇಲೆ ಕೆಸರು, ಇಂಬಳ, ಉಣುಗು. ತೀರ್ಥಹಳ್ಳಿ, ಹೊಸನಗರದ ಕಡೆ ಒಂದು ಮರ ತಂತಿ ಮೇಲೆ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಫ್ರಿಜ್ ನಿಂತರೆ ಲಸಿಕೆ ಚರಂಡಿಗೆ.

ನಿಜವಾದ ಪೇಚಾಟ ಇದಲ್ಲ. ಮಳೆ ಹಿಂದೆ ಸರಿಯುವ ಹೊತ್ತಿಗೇ ನಾಯಿಗಳು ಬೆದೆಗೆ ಬರುವ ಕಾಲ. ‘ಕಾರ್ತೀಕದ ನಾಯಿ’ ಅಂತ ಹಿರಿಯರು ಸುಮ್ನೆ ಹೇಳಿದ್ದಲ್ಲ. ಗರ್ಭ ನಿಂತರೆ ಒಂಬತ್ತು ವಾರಕ್ಕೆ ಮರಿ. ಅಂದರೆ ಮಳೆ ನಿಂತ ಮೇಲೆ ಶುರು ಮಾಡೋಣ ಅಂದುಕೊಂಡರೆ ನಾವು ಆಗಲೇ ತಡವಾಗಿರುತ್ತೇವೆ. ಕೆಲಸಕ್ಕೆ ಒಳ್ಳೆಯ ಕಾಲ ಫೆಬ್ರವರಿಯಿಂದ ಮೇ ತನಕ. ಆದರೆ ದೇಣಿಗೆ ಜಾಸ್ತಿ ಬರುವುದು ದೀಪಾವಳಿ ಸುತ್ತ, ಅಡಿಕೆ ಕೊಯ್ಲಿನ ದುಡ್ಡು ಕೈಗೆ ಬಂದ ಮೇಲೆ. ಅದನ್ನು ಗಾಯ, ಕಜ್ಜಿಯ ಚಿಕಿತ್ಸೆಗೆ ಖರ್ಚು ಮಾಡದೆ ಬೇಸಿಗೆಯ ಆಪರೇಷನ್‌ಗೆ ಎತ್ತಿಡುವುದೇ ನನ್ನ ವರ್ಷದ ದೊಡ್ಡ ಜಗಳ. ಮಾರ್ಚ್ ಕೊನೆಯಲ್ಲಿ ತೆರಿಗೆ ನೆನಪಾಗಿ ಓಡಿ ಬಂದು ಕೊಡುವವರಿದ್ದಾರಲ್ಲ, ಅವರು ಪುಣ್ಯಾತ್ಮರು. ಗೊತ್ತಿಲ್ಲದೆಯೇ ಸರಿಯಾದ ಹೊತ್ತಿಗೆ ಕೊಡುತ್ತಾರೆ.

ಇಷ್ಟು ವರ್ಷ ಮಾಡಿದರೂ ಊರಲ್ಲಿ ನಾಯಿ ಕಡಿಮೆ ಆಗಿಲ್ಲವಲ್ಲ? ದುಡ್ಡು ನೀರಿಗೆ ಹಾಕಿದ ಹಾಗಲ್ವಾ?

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಅರ್ಧ ನಿಜ ಅದು.

ಒಂದು ಉದಾಹರಣೆ ತೆಗೆದುಕೊಳ್ಳಿ. ಹತ್ತು ಓಣಿ, ಓಣಿಗೆ ಹತ್ತು ಹೆಣ್ಣು ನಾಯಿ. ನಮ್ಮ ಹತ್ತಿರ ಇಪ್ಪತ್ತು ಆಪರೇಷನ್‌ಗೆ ದುಡ್ಡಿದೆ. ಎಲ್ಲರಿಗೂ ಸಮಾಧಾನ ಆಗಲಿ ಅಂತ ಓಣಿಗೆ ಎರಡರಂತೆ ಹಂಚಿದರೆ ಪ್ರತಿ ಓಣಿಯಲ್ಲೂ ಎಂಟು ಹೆಣ್ಣು ಉಳಿಯುತ್ತವೆ. ಆ ವರ್ಷವೇ ಅವು ಹಾಕುವ ಮರಿಗಳು ನಮ್ಮ ಇಪ್ಪತ್ತನ್ನು ಮುಚ್ಚಿ ಹಾಕುತ್ತವೆ. ಅದೇ ಇಪ್ಪತ್ತನ್ನು ಅಕ್ಕಪಕ್ಕದ ಎರಡು ಓಣಿಯಲ್ಲಿ ಪೂರ್ತಿ ಮಾಡಿದರೆ ಅಲ್ಲಿ ಮರಿಯೇ ಹುಟ್ಟುವುದಿಲ್ಲ. ಮುಂದಿನ ವರ್ಷ ಪಕ್ಕದ ಎರಡು ಓಣಿ. ಖರ್ಚು ಒಂದೇ, ಫಲ ಬೇರೆ.

ಹಂಚಿ ಮಾಡುವ ಚಟ ಬಿಡುವುದು ಕಷ್ಟ. ಪ್ರತಿ ದಾನಿಗೂ ತನ್ನ ಮನೆ ಮುಂದಿನ ನಾಯಿಯೇ ಮೊದಲು. ಕಾರ್ಪೊರೇಟರ್‌ಗೆ ತನ್ನ ವಾರ್ಡ್ ಮೊದಲು. ಆದ್ದರಿಂದ ಯಾವ ಸಂಘವಾದರೂ ‘ಇಷ್ಟು ಸಾವಿರ ಆಪರೇಷನ್ ಮಾಡಿದೆವು’ ಅಂದರೆ ನೀವು ಒಂದೇ ಪ್ರಶ್ನೆ ಕೇಳಿ: ಯಾವ ಬೀದಿಯಲ್ಲಿ, ಇನ್ನೂ ಎಷ್ಟು ಉಳಿದಿವೆ? ಉಳಿದ ನಾಯಿಯ ಲೆಕ್ಕ ಇಟ್ಟವರ ಹತ್ತಿರ ಮಾತ್ರ ಮಾಡಿದ ನಾಯಿಯ ಲೆಕ್ಕಕ್ಕೆ ಅರ್ಥ ಇದೆ. ಲಸಿಕೆಗೂ ಇದೇ ಮಾತು. ನೂರರಲ್ಲಿ ಎಪ್ಪತ್ತು ನಾಯಿಗೆ ಲಸಿಕೆ ಬಿದ್ದರೆ ರೇಬೀಸ್ ಹರಡುವುದು ನಿಲ್ಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೂವತ್ತಕ್ಕೆ ಹಾಕಿ ಫೋಟೊ ತೆಗೆಸಿಕೊಂಡರೆ ರೋಗ ಅಲ್ಲೇ ಇರುತ್ತದೆ.

ಇನ್ನೊಂದು ಮಾತು. ಕೋಳಿ ಅಂಗಡಿಯ ಕರುಳು ಮೋರಿಗೆ ಬೀಳುವ ತನಕ ಅಲ್ಲಿ ನಾಯಿ ಇದ್ದೇ ಇರುತ್ತದೆ. ಆ ಖರ್ಚು ಯಾವ ಸಂಘದ ಪುಸ್ತಕದಲ್ಲೂ ಇಲ್ಲ.

ಹಿಡಿದು ದೂರ ಕಾಡಿಗೆ ಬಿಟ್ಟರೆ?

ಬೇಡ. ಶೆಟ್ಟಿಹಳ್ಳಿ ಅಭಯಾರಣ್ಯ ಊರಿನ ಪಕ್ಕದಲ್ಲೇ ಇದೆ. ಅಲ್ಲಿಗೆ ನಾಯಿ ಬಿಟ್ಟರೆ ಜಿಂಕೆ ಮರಿಗೆ ಕಾಟ, ಕಾಡುಪ್ರಾಣಿಗೆ ರೋಗ, ನಾಯಿ ಹುಡುಕಿಕೊಂಡು ಚಿರತೆ ಹಳ್ಳಿಗೆ. ನಿಯಮದ ಪ್ರಕಾರವೂ ತಪ್ಪು.

2025ರಲ್ಲಿ ಸುಪ್ರೀಂ ಕೋರ್ಟ್ ನಾಯಿಗಳನ್ನೆಲ್ಲ ಶೆಡ್ಡಿಗೆ ಹಾಕಿ ಅಂತ ಹೇಳಿತಲ್ಲ?

ಆಗಸ್ಟ್ 11ರ ಆದೇಶ ದೆಹಲಿ ಸುತ್ತಮುತ್ತಲಿನ ನಾಯಿಗಳನ್ನು ಹಿಡಿದು ಆಶ್ರಯ ಕೇಂದ್ರದಲ್ಲೇ ಇಡಿ ಎನ್ನುವುದಾಗಿತ್ತು. ಆಗಸ್ಟ್ 22ಕ್ಕೆ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಆಪರೇಷನ್, ಲಸಿಕೆ ಮಾಡಿ ಹಿಡಿದ ಜಾಗಕ್ಕೇ ಬಿಡಬೇಕು. ರೇಬೀಸ್ ಇರುವ, ತೀರಾ ಕಚ್ಚುವ ನಾಯಿಗಳನ್ನು ಬಿಡಬಾರದು. ನವೆಂಬರ್ 7ರಂದು ಇನ್ನೊಂದು ಆದೇಶ ಬಂತು. ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ವಾಪಸ್ ಬಿಡುವ ಹಾಗಿಲ್ಲ, ಆಶ್ರಯದಲ್ಲಿ ಇಡಬೇಕು ಎಂದು.

ಲೆಕ್ಕ ಬರೆಯುವವಳ ಕಣ್ಣಿಗೆ ಇದು ಹೀಗೆ ಕಾಣುತ್ತದೆ: ಆಪರೇಷನ್ ಒಂದು ಸಲದ ಖರ್ಚು, ಆಶ್ರಯ ನಾಯಿ ಬದುಕಿರುವಷ್ಟು ದಿನದ ಖರ್ಚು. ಒಂದು ನಾಯಿ ಹತ್ತು ವರ್ಷ ಬದುಕಿದರೆ 3,650 ದಿನದ ಅನ್ನ, ಮೇಲೆ ಜಾಗ, ಆಳು, ವೈದ್ಯರು. ಸರ್ಕಾರ ಹೊರಲಿ, ಬೇಡ ಅನ್ನುವುದಿಲ್ಲ. ಆಪರೇಷನ್‌ಗೆ ಇಟ್ಟ ದುಡ್ಡಿಗೆ ಕೈ ಹಾಕದಿದ್ದರೆ ಸಾಕು.

ವಿಷ ಹಾಕಿ ಕೊಂದವರ ಮೇಲೆ ಕೇಸು ಹಾಕಿದ್ದು ಇದೆಯೇ?

ನಮ್ಮ ಜಿಲ್ಲೆಯಲ್ಲೇ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಭದ್ರಾವತಿ ತಾಲ್ಲೂಕಿನ ಕಂಬದಾಳು ಹೊಸೂರಿನಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂತಿದ್ದಾರೆ ಎಂಬ ದೂರು ದೇಶವೆಲ್ಲ ಸುದ್ದಿಯಾಯಿತು. ಹೂತ ದೇಹಗಳನ್ನು ತೆಗೆಸಿ ಪರೀಕ್ಷೆ ಮಾಡಿಸಿದರು. ಅದೇ ವರ್ಷದ ಜುಲೈನಲ್ಲಿ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಚೀಲಗಳಲ್ಲಿ ತುಂಬಿದ ಸತ್ತ ಮಂಗಗಳು ರಸ್ತೆ ಬದಿ ಸಿಕ್ಕವು. ಹೈಕೋರ್ಟ್ ತಾನಾಗಿಯೇ ಅದನ್ನು ಕೈಗೆತ್ತಿಕೊಂಡಿತು. ಇಂಥ ಕೇಸಿನಲ್ಲಿ ಯಾರೋ ಒಬ್ಬರು ಮೊದಲ ದಿನವೇ ಠಾಣೆಗೆ ಹೋಗಿ ಲಿಖಿತ ದೂರು ಕೊಡದಿದ್ದರೆ ಮಣ್ಣು ಮುಚ್ಚಿ ಎಲ್ಲ ಮುಗಿದುಹೋಗುತ್ತದೆ.

ಕೇಸು ಹಾಕಲು ಎಷ್ಟು ಖರ್ಚಾಗುತ್ತದೆ? ವಕೀಲರಿಗೆ ಲಕ್ಷಗಟ್ಟಲೆ ಕೊಡುತ್ತೀರಂತೆ?

ಯಾರು ಹೇಳಿದರೋ! ಪೊಲೀಸರು ಎಫ್‌ಐಆರ್ ಮಾಡಿದರೆ ಕೇಸು ಸರ್ಕಾರದ್ದು. ಸರ್ಕಾರಿ ವಕೀಲರು ನಡೆಸುತ್ತಾರೆ. ನಾವು ದೂರುದಾರರು, ಹೆಚ್ಚೆಂದರೆ ಸಾಕ್ಷಿ. ನಮ್ಮ ಖರ್ಚು ಬೇರೆ ಕಡೆ ಇದೆ. ಅದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಕಾನೂನು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಹೌದು, ಐವತ್ತು. ಗೋಪಿ ವೃತ್ತದಲ್ಲಿ ಎರಡು ಮಸಾಲೆ ದೋಸೆಗೂ ಸಾಲದು. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 1960ರಲ್ಲಿ ಐವತ್ತು ರೂಪಾಯಿಗೆ ತೂಕ ಇತ್ತು, ಆಮೇಲೆ ಯಾರೂ ಆ ಐವತ್ತನ್ನು ಏರಿಸಲಿಲ್ಲ.

ಆ ಕಾಯ್ದೆಯ ಹೆಚ್ಚಿನ ತಪ್ಪುಗಳಿಗೆ ಪೊಲೀಸರು ತಾವಾಗಿಯೇ ಎಫ್‌ಐಆರ್ ಹಾಕುವಂತಿಲ್ಲ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಕ್ರೂರವಾಗಿ ಕೊಲ್ಲುವುದು, ಅಂಗ ಕತ್ತರಿಸುವುದು, ಪ್ರಾಣಿಗಳ ಕಾಳಗ ಏರ್ಪಡಿಸುವುದು ಮುಂತಾದ ಕೆಲವಕ್ಕೆ ಮಾತ್ರ ನೇರ ಎಫ್‌ಐಆರ್. ಉಳಿದದ್ದಕ್ಕೆ ಠಾಣೆಯಲ್ಲಿ ಒಂದು ಹಿಂಬರಹ, ಅಂದರೆ ನಾವು ಎಫ್‌ಐಆರ್ ಹಾಕುವಂತಿಲ್ಲ ಎಂದು ಬರೆದ ಚೀಟಿ, ಕೊಟ್ಟು ಕಳಿಸುತ್ತಾರೆ. ಅದನ್ನು ಹಿಡಿದು ನಾವೇ ಕೋರ್ಟಿನಲ್ಲಿ ಖಾಸಗಿ ದೂರು ಹಾಕಬೇಕು. ವಕೀಲರ ಫೀ ಬರುವುದು ಇಲ್ಲಿ. ಇನ್ನೊಂದು ಗುಂಡಿ ಇದೆ: ಈ ಕಾಯ್ದೆಯಲ್ಲಿ ತಪ್ಪು ನಡೆದ ಮೂರು ತಿಂಗಳೊಳಗೆ ಕೇಸು ಹೂಡಬೇಕು. ಒಮ್ಮೆ ಎತ್ತಿನ ಗಾಡಿಯವನೊಬ್ಬನ ಮೇಲಿನ ನಮ್ಮ ದೂರು ಒಂದು ಠಾಣೆಯ ಮೇಜಿನ ಮೇಲೆ ‘ನಾಳೆ ಬನ್ನಿ ಮೇಡಂ’ ಎನ್ನುತ್ತಲೇ ತೊಂಬತ್ತು ದಿನ ಕಳೆಯಿತು. ಅಲ್ಲಿಗೆ ಮುಗಿಯಿತು. ಈಗ ನಾನು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿಂದ ಗುರುತು ಹಾಕಿಡುತ್ತೇನೆ.

ಕೊಂದರೆ, ವಿಷ ಹಾಕಿದರೆ, ಅಂಗಹೀನ ಮಾಡಿದರೆ ದಾರಿ ಬೇರೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್‌ನಲ್ಲಿ ಐದು ವರ್ಷದವರೆಗೆ ಜೈಲಿದೆ. ಹಳೆಯ ದಂಡ ಸಂಹಿತೆಯಲ್ಲಿ ಪ್ರಾಣಿಗೆ 10 ರೂಪಾಯಿ, 50 ರೂಪಾಯಿ ಬೆಲೆ ಇರಬೇಕು ಎಂಬ ಮಾತಿತ್ತು. ‘ಬೀದಿನಾಯಿಗೆ ಏನಮ್ಮ ಬೆಲೆ?’ ಎಂದು ಕೇಳುವವರಿಗೆ ಉತ್ತರ ಹೇಳುವುದು ಕಷ್ಟವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಬೆಲೆಯ ಮಾತೇ ಇಲ್ಲ. ದೂರಿನಲ್ಲಿ ಈ ಸೆಕ್ಷನ್ ಬರೆಯಲು ಮರೆಯಬೇಡಿ.

ಇನ್ನು ನಿಜವಾದ ಖರ್ಚು. ಮರಣೋತ್ತರ ಪರೀಕ್ಷೆಗೆ ದೇಹವನ್ನು ಐಸಿನಲ್ಲಿಟ್ಟು ಸಾಗಿಸಬೇಕು. ಪೊಲೀಸರು ಸ್ಥಳ ನೋಡಿ ಬರೆಯುವ ಮಹಜರಿಗೆ ಪಂಚರು, ಅಂದರೆ ಸಾಕ್ಷಿ ಹಾಕುವವರು ಬೇಕು, ಅವರು ಒಂದು ದಿನದ ಕೂಲಿ ಬಿಟ್ಟು ಬರಬೇಕು. ವಾಯಿದೆ ಮೇಲೆ ವಾಯಿದೆ ಬಿದ್ದರೆ ಸಾಕ್ಷಿಯನ್ನು ಸೊರಬದಿಂದ ಮತ್ತೆ ಮತ್ತೆ ಕರೆತರಬೇಕು. ಇದಕ್ಕಿಂತ ದೊಡ್ಡದು, ವಶಕ್ಕೆ ತೆಗೆದುಕೊಂಡ ಜೀವಂತ ಪ್ರಾಣಿ. ಕದ್ದ ಬೈಕ್ ಆದರೆ ಠಾಣೆ ಹಿಂದೆ ತುಕ್ಕು ಹಿಡಿಯುತ್ತ ನಿಲ್ಲುತ್ತದೆ. ಎತ್ತು, ಕುದುರೆ, ನಾಯಿ ಹಾಗೆ ನಿಲ್ಲುವುದಿಲ್ಲ, ದಿನಾ ತಿನ್ನುತ್ತದೆ. 2017ರ ನಿಯಮದ ಪ್ರಕಾರ ಮುದ್ದೆಮಾಲು, ಅಂದರೆ ಕೇಸಿನಲ್ಲಿ ವಶಕ್ಕೆ ತೆಗೆದುಕೊಂಡ ಪ್ರಾಣಿಯ ಮೇವು, ಚಿಕಿತ್ಸೆಯ ಖರ್ಚನ್ನು ಆರೋಪಿಯಿಂದ ವಸೂಲಿ ಮಾಡಬಹುದು. ಆದರೆ ಹುಲ್ಲಿನ ಅಂಗಡಿಯವರು ತೀರ್ಪು ಬರುವ ತನಕ ಕಾಯುವುದಿಲ್ಲ. ಮೊದಲು ಹಾಕುವುದು ಆಶ್ರಯ ಕೊಟ್ಟವರು. ಒಂದು ಸಂಘದ ಕಾನೂನು ಖರ್ಚು ನೋಡಬೇಕಾದರೆ ವಕೀಲರ ಫೀ ಕಾಲಮ್ ನೋಡಬೇಡಿ, ಮೇವಿನ ಕಾಲಮ್ ನೋಡಿ.

ಇಂಗ್ಲೆಂಡಿನಲ್ಲಿ ಸಂಘದವರೇ ಕೇಸು ನಡೆಸುತ್ತಾರಂತೆ?

ಇದು ಮಗ ಅಥವಾ ಅಳಿಯ ಲಂಡನ್ನಿನಲ್ಲಿರುವವರ ಪ್ರಶ್ನೆ. ಅಲ್ಲಿ 1824ರಲ್ಲಿ ಶುರುವಾದ ಆರ್‌ಎಸ್‌ಪಿಸಿಎ ಎಂಬ ಸಂಘ ತನ್ನದೇ ಇನ್ಸ್‌ಪೆಕ್ಟರ್‌ಗಳನ್ನು ಇಟ್ಟುಕೊಂಡು, ಸ್ವಂತ ದುಡ್ಡಿನಲ್ಲಿ ಖಾಸಗಿಯಾಗಿ ಮೊಕದ್ದಮೆ ಹೂಡುತ್ತ ಬಂದಿದೆ. 2012ರಲ್ಲಿ ಹೀತ್ರಾಪ್ ಎಂಬ ನರಿ ಬೇಟೆ ಕೂಟದ ಮೇಲೆ ಗೆದ್ದಿತು. ಕೂಟಕ್ಕೆ ಬಿದ್ದ ದಂಡ 4,000 ಪೌಂಡ್. ಸಂಘಕ್ಕೆ ಆದ ಖರ್ಚು 3 ಲಕ್ಷ 20 ಸಾವಿರ ಪೌಂಡ್‌ಗೂ ಹೆಚ್ಚು. ತೀರ್ಪು ಕೊಟ್ಟ ನ್ಯಾಯಾಧೀಶರೇ ಆ ಮೊತ್ತ ಕೇಳಿ ದಂಗಾದರು. ದಾನಿಗಳ ದುಡ್ಡನ್ನು ಹೀಗೆ ಸುರಿಯುವುದು ಸರಿಯೇ ಎಂದು ಅಲ್ಲಿ ದೊಡ್ಡ ಚರ್ಚೆಯಾಯಿತು. 2021ರಲ್ಲಿ ಆ ಸಂಘವೇ, ಮೊಕದ್ದಮೆ ಹೂಡುವ ಕೆಲಸವನ್ನು ಸರ್ಕಾರದ ಅಭಿಯೋಜಕರಿಗೆ ಬಿಟ್ಟುಕೊಡುವ ಯೋಚನೆ ಇದೆ ಎಂದು ಪ್ರಕಟಿಸಿತು. ಪಕ್ಕದ ಸ್ಕಾಟ್ಲೆಂಡಿನಲ್ಲಿ ಮೊದಲಿನಿಂದಲೂ ಅಲ್ಲಿನ ಬೇರೆ ಸಂಘದವರು ತನಿಖೆ ಮಾಡಿ ವರದಿ ಕೊಡುತ್ತಾರೆ, ಮೊಕದ್ದಮೆ ಸರ್ಕಾರದ್ದು.

ಇಂಗ್ಲೆಂಡಿನಲ್ಲಿ ಗೆದ್ದರೆ ಸಿಗುವ ಶಿಕ್ಷೆಗೆ ತೂಕ ಇದೆ ಅನ್ನುವುದೂ ನಿಜ. 2021ರ ತಿದ್ದುಪಡಿಯ ನಂತರ ಪ್ರಾಣಿ ಹಿಂಸೆಗೆ ಐದು ವರ್ಷದವರೆಗೆ ಜೈಲು. ನಮ್ಮ ಐವತ್ತು ರೂಪಾಯಿಗೆ ಆ ಖರ್ಚು ಮಾಡಲು ಹೊರಟರೆ ನನ್ನನ್ನು ಲೆಕ್ಕದ ಕೆಲಸದಿಂದ ತೆಗೆಯುವುದೇ ಒಳ್ಳೆಯದು.

ಹಾಗಾದರೆ ಕೇಸೇ ಬೇಡ ಅಂತೀರಾ?

ಇಲ್ಲಪ್ಪ. ಆರಿಸಿ ಹಾಕಬೇಕು ಅನ್ನುತ್ತೇನೆ. ನಾವು ಮೂರು ಬಗೆಯವನ್ನು ಬಿಡುವುದಿಲ್ಲ: ಸಾಮೂಹಿಕವಾಗಿ ವಿಷ ಹಾಕಿದ್ದು, ಬೇಕೆಂದೇ ಅಂಗ ಕತ್ತರಿಸಿದ್ದು, ಒಮ್ಮೆ ಎಚ್ಚರಿಕೆ ಕೊಟ್ಟ ಮೇಲೂ ಅದೇ ಮಾಡಿದ್ದು. ತಪ್ಪಿತಸ್ಥನ ಕೈಯಿಂದ ಪ್ರಾಣಿಯನ್ನು ಶಾಶ್ವತವಾಗಿ ತೆಗೆಯುವ ಅಧಿಕಾರ ಕೋರ್ಟಿಗಿದೆ. ಐವತ್ತು ರೂಪಾಯಿಗಿಂತ ಅದು ದೊಡ್ಡದು. ಮರಿ ಎಸೆದವರ ಮೇಲೆ ಕೇಸು ಹಾಕಬಹುದು, ಹಸಿದು ಸಾಯಲಿ ಎಂದು ಬಿಟ್ಟುಹೋಗುವುದೂ ಅದೇ 11ನೇ ಸೆಕ್ಷನ್ನಿನಲ್ಲಿ ಅಪರಾಧ. ಆದರೆ ಗೋಣಿಚೀಲ ಎಸೆದ ಆ ಯಜಮಾನರ ಮನೆಗೆ ನಮ್ಮ ಹುಡುಗರು ಹೋಗಿ, ಕಾಫಿ ಕುಡಿದು, ತಾಯಿ ನಾಯಿಯನ್ನು ಜೀಪಿಗೆ ಹತ್ತಿಸಿಕೊಂಡು ಬಂದರೆ ಮುಂದಿನ ವರ್ಷ ಚೀಲವೇ ಇರುವುದಿಲ್ಲ. ಕೇಸು ಹಾಕಿದರೆ ಮುಂದಿನ ಚೀಲ ರಾತ್ರಿ ಹೊತ್ತು ಬೀಳುತ್ತದೆ, ಅಷ್ಟೇ. ನಮ್ಮ ಗುಂಪಿನ ವಕೀಲ ತಮ್ಮನಿಗೆ ಈ ಮಾತು ಒಪ್ಪಿಗೆ ಇಲ್ಲ. ಭಯ ಬೇಕು ಅಕ್ಕ ಅನ್ನುತ್ತಾನೆ.

ಹೋರಿ ಬೆದರಿಸುವ ಹಬ್ಬದ ಮೇಲೆ ಯಾಕೆ ಕೇಸು ಹಾಕುವುದಿಲ್ಲ?

ಹೋರಿಯನ್ನು ಜನರ ನಡುವೆ ಓಡಿಸುವ ಈ ಆಟ ಶಿಕಾರಿಪುರ, ಸೊರಬದಲ್ಲಿ ಮನೆ ಮನೆಯ ವಿಷಯ. ಕಂಬಳ, ಎತ್ತಿನ ಓಟಕ್ಕೆ ಅವಕಾಶ ಕೊಡಲು ರಾಜ್ಯ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ಮಾಡಿದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಹೋರಿ ಹಬ್ಬಕ್ಕೆ ಜಿಲ್ಲಾಡಳಿತದ ಷರತ್ತುಗಳಿರುತ್ತವೆ. ಷರತ್ತು ಮುರಿದದ್ದು ಕಣ್ಣಿಗೆ ಬಿದ್ದರೆ ವಿಡಿಯೊ ಸಹಿತ ತಹಶೀಲ್ದಾರರಿಗೆ, ಠಾಣೆಗೆ ಬರೆಯುತ್ತೇವೆ. ಅದಕ್ಕೆ ಖರ್ಚು ಏನೂ ಇಲ್ಲ, ಬೈಗುಳ ಮಾತ್ರ.

ಸಿಡಿಮದ್ದು ಕಚ್ಚಿ ದವಡೆ ಹಾರಿದ ದನ, ಉರುಲಿಗೆ ಬಿದ್ದ ನಾಯಿ?

ಹಂದಿಗೆ ಇಟ್ಟದ್ದು ದನಕ್ಕೆ, ನಾಯಿಗೆ ತಗುಲುವುದು ನಮ್ಮ ಕಡೆಯ ಕರ್ಮ. ಚಿಕಿತ್ಸೆಗೆ ನಾವು ದುಡ್ಡು ಕೊಡುತ್ತೇವೆ. ಕೇಸು ಮಾತ್ರ ಅರಣ್ಯ ಇಲಾಖೆಗೆ ಮತ್ತು ಪೊಲೀಸರಿಗೆ. ವನ್ಯಜೀವಿ ಕಾಯ್ದೆಯಲ್ಲಿ ಶಿಕ್ಷೆ ದೊಡ್ಡದು, 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೂ ಮೂರು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಒಂದೇ ಉರುಲು ಹಾಕಿದವನಿಗೆ ಹಂದಿ ಸತ್ತರೆ ಒಂದು ಲಕ್ಷ, ನಾಯಿ ನರಳಿದರೆ ಐವತ್ತು ರೂಪಾಯಿ. ನಾನೇನು ಹೇಳಲಿ!

ಮಂಗಗಳಿಗೂ ಆಪರೇಷನ್ ಮಾಡಿಸಿ!

ಅಡಿಕೆ, ಬಾಳೆ ಕಳೆದುಕೊಂಡವರ ಸಂಕಟ ಗೊತ್ತು. ಹಿಮಾಚಲದಲ್ಲಿ ಸರ್ಕಾರವೇ ಮಂಗಗಳಿಗೆ ಮಾಡಿಸುತ್ತ ಬಂದಿದೆ. ಅದು ಅರಣ್ಯ ಇಲಾಖೆ ಮಾಡುವ ಕೆಲಸ, ಸಂಘದ ಬಲೆಗೆ ಸಿಗುವುದಲ್ಲ. ನಮ್ಮ ಮಲೆನಾಡಿನಲ್ಲಿ ಇನ್ನೊಂದು ಭಯವೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ.

ಬೆಕ್ಕು?

ಮಾಡಿಸುತ್ತೇವೆ. ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ತಡ ಮಾಡಬೇಡಿ.

ನನ್ನ ದುಡ್ಡು ಸರಿಯಾಗಿ ಖರ್ಚಾಯಿತೇ ಎಂದು ನೋಡುವುದು ಹೇಗೆ?

ಬೀದಿನಾಯಿ ಯೋಜನೆಯಲ್ಲಿ ಒಂದು ವಿಚಿತ್ರ ಆದರೆ ಗಟ್ಟಿ ಲೆಕ್ಕ ಇದೆ. ತೆಗೆದ ಅಂಗಗಳನ್ನು ಫಾರ್ಮಲಿನ್‌ನಲ್ಲಿ ಇಟ್ಟು, ಉಸ್ತುವಾರಿ ಸಮಿತಿಯವರ ಮುಂದೆ ಎಣಿಸಬೇಕು. ಬಿಲ್ಲಿನಲ್ಲಿ ನೂರು, ಡಬ್ಬಿಯಲ್ಲಿ ಎಂಬತ್ತು ಅಂದರೆ ಇಪ್ಪತ್ತು ನಾಯಿ ಕಾಗದದ್ದು. ಬ್ಯಾಂಕಿನಲ್ಲಿ ನಾನು ನೋಟು ಎಣಿಸಿದ್ದೇನೆ, ಇದನ್ನು ಎಣಿಸುವವರಿಗೆ ನನ್ನ ನಮಸ್ಕಾರ.

ಸಂಘಕ್ಕೆ ಹೋದರೆ ಆಡಿಟ್ ಆದ ಲೆಕ್ಕಪತ್ರ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ತೆರಿಗೆ ವಿನಾಯಿತಿ ಪಡೆಯುವ ಟ್ರಸ್ಟ್ ತನ್ನ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಬಳಸಬೇಕು. ದೇಣಿಗೆ ಕೊಟ್ಟವರಿಗೆ ಸಿಗುವ, ಇಷ್ಟು ವರ್ಷ 80ಜಿ ಎಂದು ಕರೆಯುತ್ತ ಬಂದ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿದ್ದವರಿಗೆ ಮಾತ್ರ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದು ಸಿಗುವುದಿಲ್ಲ, ಯುಪಿಐ ಅಥವಾ ಚೆಕ್ ಕೊಡಿ. ಕಂಪನಿಗಳ ಸಾಮಾಜಿಕ ಹೊಣೆಯ ಪಟ್ಟಿಯಲ್ಲೂ ಪ್ರಾಣಿ ಕಲ್ಯಾಣ ಇದೆ. ಕಂಪನಿ ನಡೆಸುವವರು ಗಮನಿಸಿ.

ಆಡಳಿತ ಖರ್ಚು ಸೊನ್ನೆ ಅನ್ನುವ ಸಂಘವನ್ನು ನಾನು ನಂಬುವುದಿಲ್ಲ. ಲೆಕ್ಕ ಬರೆಯುವವರು, ಗಾಡಿ ಇನ್ಶೂರೆನ್ಸ್, ನಾಯಿ ಹಿಡಿಯುವ ಹುಡುಗರಿಗೆ ಮೊದಲೇ ಹಾಕಿಸಬೇಕಾದ ರೇಬೀಸ್ ಇಂಜೆಕ್ಷನ್, ಇವೆಲ್ಲ ಎಲ್ಲಿಗೆ ಹೋದವು? ಸೊನ್ನೆ ಇದ್ದರೆ ಬೇರೆ ತಲೆಬರಹದಡಿ ಅಡಗಿರುತ್ತದೆ.

ನಾಯಿ ಕಚ್ಚಿದವರಿಗೆ ನೀವು ದುಡ್ಡು ಕೊಡುತ್ತೀರಾ?

ಕೊಡುವುದಿಲ್ಲ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಲಸಿಕೆ ಉಚಿತ. ಎಲ್ಲ ಡೋಸ್ ಮುಗಿಸಿ.

ಕೊಡಲು ದುಡ್ಡಿಲ್ಲ. ಏನು ಮಾಡಬಹುದು?

ನಿಮ್ಮ ಓಣಿಯಲ್ಲಿ ಕಿವಿಗೆ ಕಚ್ಚು ಇಲ್ಲದ ಹೆಣ್ಣು ನಾಯಿಗಳು ಎಷ್ಟಿವೆ ಎಣಿಸಿ, ಬಣ್ಣ, ಗುರುತು ಬರೆದುಕೊಡಿ. ದಿನಾ ಅನ್ನ ಹಾಕುವವರಾದರೆ ಅದರ ಕತ್ತು ಸವರಿ, ಹಗ್ಗ ಕಟ್ಟಿಸಿಕೊಳ್ಳುವ ಅಭ್ಯಾಸ ಮಾಡಿಸಿ. ಬಲೆಯವರ ಕೂಲಿ ಉಳಿಯುತ್ತದೆ. ಗಾಯಗೊಂಡ ದನ, ನಾಯಿ ಕಂಡರೆ 1962ಕ್ಕೆ ಫೋನ್ ಮಾಡಿ, ಪಶು ಸಂಜೀವಿನಿ ಗಾಡಿ ಬರುತ್ತದೆ. ಹಿಂಸೆ ಕಣ್ಣೆದುರು ನಡೆಯುತ್ತಿದ್ದರೆ 112. ವಿಡಿಯೊ ತೆಗೆದರೆ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ಮೊದಲು ಮೂಲ ಫೈಲ್ ಫೋನಿನಲ್ಲೇ ಉಳಿಸಿಕೊಳ್ಳಿ, ಕೋರ್ಟಿಗೆ ಬೇಕಾಗುವುದು ಅದು.

ತೋಟದ ಮನೆಯವರು ಫೆಬ್ರವರಿಯಲ್ಲಿ ನಮ್ಮ ಆಪರೇಷನ್ ಕ್ಯಾಂಪಿಗೆ ನಿಮ್ಮ ಹೆಣ್ಣು ನಾಯಿಯನ್ನು ಕರೆತನ್ನಿ. ಹಿಂದಿನ ರಾತ್ರಿ ಊಟ ಹಾಕಬೇಡಿ. ಪಾಪ ಅನ್ನಿಸಿ ಬೆಳಿಗ್ಗೆ ಒಂದು ದೋಸೆ ಹಾಕಿ ಕರೆತರುವವರು ಪ್ರತಿ ಕ್ಯಾಂಪಿನಲ್ಲೂ ಇಬ್ಬರಾದರೂ ಇರುತ್ತಾರೆ. ಅವರನ್ನು ವಾಪಸ್ ಕಳಿಸಬೇಕಾಗುತ್ತದೆ.